ಡ್ರಮ್ಮು ತಿರುಗುತ್ತಿರಬೇಕು

ಸಾಮಾನ್ಯ ಲಾರಿ ರಸ್ತೆಯಲ್ಲಿ ಕೆಟ್ಟು ನಿಂತರೆ ಯಾರಿಗೂ ಅಂಥ ಅವಸರವಿರುವುದಿಲ್ಲ. ಡ್ರೈವರು ಚಕ್ರಕ್ಕೊಂದು ಕಲ್ಲು ಕೊಟ್ಟು ಟೀ ಕುಡಿದು ಬರಬಹುದು, ಮೆಕ್ಯಾನಿಕ್ಕು ನಾಳೆ ಬರುತ್ತೇನೆಂದರೆ ನಾಲ್ಕು ಮಾತು ಬೈದು ಸುಮ್ಮನಾಗಬಹುದು. ನಾಳೆಗೂ ಇಟ್ಟಿಗೆ ಇಟ್ಟಿಗೆಯೇ, ಅಕ್ಕಿ ಅಕ್ಕಿಯೇ. ಕಾಂಕ್ರೀಟ್ ಲಾರಿಯ ಮಾತು ಬೇರೆ. ಅದು ಬೆನ್ನ ಮೇಲೆ ಹೊತ್ತ ಆ ದೊಡ್ಡ ಡ್ರಮ್ಮು ತಿರುಗುತ್ತಿರುವಷ್ಟು ಹೊತ್ತು ಒಳಗಿರುವುದು ಕಲಸಿದ ಹಿಟ್ಟು. ತಿರುಗುವುದು ನಿಂತರೆ ಮೆಲ್ಲಗೆ ಬಂಡೆ. ಡ್ರಮ್ಮನ್ನು ತಿರುಗಿಸುವುದೂ ಲಾರಿಯ ಎಂಜಿನ್ನೇ. ಎಂಜಿನ್ನು ನಿಂತಿತೆಂದರೆ ಎರಡೂ ನಿಂತ ಹಾಗೆ.

ಸಿ.ವಿ. ರಾಮನ್ ನಗರದ ಆಸುಪಾಸಿನಲ್ಲಿ ದೊಡ್ಡ ದೊಡ್ಡ ಆಫೀಸು ಕಟ್ಟಡಗಳು ಏಳುತ್ತಿದ್ದ ಕಾಲವದು, ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷ ಆಗಿತ್ತು. ನನ್ನ ಗ್ಯಾರೇಜು ಹಲಸೂರಿನಲ್ಲಿ. ಆಯುಧಪೂಜೆ ಮುಗಿದು ಒಂದೆರಡು ವಾರ ಕಳೆದಿರಬೇಕು, ಗ್ಯಾರೇಜಿನ ಬಾಗಿಲಿಗೆ ಕಟ್ಟಿದ ಮಾವಿನೆಲೆ ಒಣಗಿ ಕರುಂ ಕರುಂ ಎನ್ನುತ್ತಿತ್ತು. ಬೆಳಗಿನ ಕೆಲಸಕ್ಕೆ ಕೈ ಹಾಕಿದ್ದಷ್ಟೆ, ಕೆ.ಆರ್. ಪುರದ ಆಚೆಗಿದ್ದ ಒಂದು ಕಾಂಕ್ರೀಟ್ ಪ್ಲಾಂಟಿನಿಂದ ಫೋನು ಬಂತು. ಮಾತಾಡಿದ್ದು ಅಲ್ಲಿನ ಕ್ವಾಲಿಟಿ ಎಂಜಿನಿಯರ್, ದಾವಣಗೆರೆ ಕಡೆಯ ಹೆಣ್ಣುಮಗಳು. ಹಿಂದೆ ಒಂದೆರಡು ಸಲ ಅವರ ಗಾಡಿಗಳ ಕೆಲಸ ಮಾಡಿಕೊಟ್ಟಿದ್ದೆ.

"ಮೇಸ್ತ್ರಿ, ನಮ್ಮ ಮೆಕ್ಯಾನಿಕ್ ಹಬ್ಬಕ್ಕೆ ಊರಿಗೆ ಹೋದೋನು ಬಂದಿಲ್ಲ. ಲೋಡ್ ಇರೋ ಗಾಡಿ ಸಿ.ವಿ. ರಾಮನ್ ನಗರದ ದಾರೀಲಿ ನಿಂತಿದೆ. ಸ್ಟಾರ್ಟೇ ಆಗ್ತಿಲ್ಲ. ಎಲ್ಲಿದ್ದೀರೋ ಅಲ್ಲಿಂದ ಹೊರಟುಬಿಡ್ರಿ."

"ಏನು ಸದ್ದು ಮಾಡ್ತು ಅಂತ ಕೇಳಿದ್ರಾ ಮೇಡಂ?"

"ಸದ್ದು ಆಮೇಲೆ ಕೇಳೋಣ. ಡ್ರಮ್ ನಿಂತಿದೆ."

ಟೂಲ್ಸ್ ಚೀಲವನ್ನು ಮೊಪೆಡ್ಡಿನ ಮುಂದಿಟ್ಟುಕೊಂಡು, ಹೊಸ ಡೀಸೆಲ್ ಫಿಲ್ಟರ್ ಒಂದನ್ನು ತುರುಕಿಕೊಂಡು ಇಂದಿರಾನಗರ ಹಾಯ್ದು ಹೋದೆ. ಲಾರಿ ಒಂದು ಸಣ್ಣ ಏರಿನಲ್ಲಿ ಎಡಕ್ಕೆ ವಾಲಿ ನಿಂತಿತ್ತು. ಹಿಂದೆ ಬಸ್ಸು, ಆಟೋ, ತಳ್ಳುಗಾಡಿ ಎಲ್ಲ ಒಂದೇ ಕಡೆಯಿಂದ ನುಸುಳಲು ಹೆಣಗುತ್ತಿದ್ದವು. ಒಬ್ಬ ಆಟೋದವನು ತಲೆ ಹೊರಗೆ ಹಾಕಿ, "ಏನ್ ಗುರು, ಇಲ್ಲೇ ಮನೆ ಕಟ್ಬಿಡ್ತೀರಾ?" ಎಂದು ಕೂಗಿ ಹೋದ.

ಡ್ರೈವರು ಬಾನೆಟ್ಟಿನ ಮುಂದೆ ಕೈಕಟ್ಟಿ ನಿಂತಿದ್ದ. ರಾಯಚೂರು ಕಡೆಯವನು, ಕೆ.ಆರ್. ಪುರದಲ್ಲಿ ಒಂದು ರೂಮು ಬಾಡಿಗೆಗೆ ಹಿಡಿದು ಹೆಂಡತಿ, ಮಗುವಿನೊಂದಿಗೆ ಇದ್ದ. ವರ್ಷಗಟ್ಟಲೆ ಇದೇ ಪ್ಲಾಂಟಿನಲ್ಲಿ ಕ್ಲೀನರ್ ಆಗಿದ್ದು, ದಸರೆಗೆ ಮುಂಚೆಯಷ್ಟೇ ಅವನ ಕೈಗೆ ಸ್ಟಿಯರಿಂಗ್ ಕೊಟ್ಟಿದ್ದರು. ನನ್ನನ್ನು ಕಂಡವನೇ ಶುರು ಮಾಡಿದ.

"ಅಣ್ಣಾರ, ಏರಿ ಹತ್ತಾಕ ಹತ್ತಿದ್ನಿರೀ, ಗಾಡಿ ದಮ್ಮ ಹಿಡದಂಗಾತು. ಎಕ್ಸಿಲೇಟರ್ ಒತ್ತಿದ್ರೂ ಏಳವಲ್ದು. ಆಮ್ಯಾಲ ಫಸಕ್ಕಂತ ನಿಂತಬಿಡ್ತು. ಸೆಲ್ಫ್ ಹೊಡದ್ರ ತಿರುಗತೈತಿ, ಚಾಲೂ ಮಾತ್ರ ಆಗವಲ್ದ್ರೀ."

"ಡೀಸೆಲ್?"

"ಮುಂಜಾನೆ ಪ್ಲಾಂಟನ್ಯಾಗ ಕಂಠಮಟ ತುಂಬಿಸ್ಯಾರ್ರೀ. ಮುಳ್ಳು ನೋಡ್ರಿ ಬೇಕಾದ್ರ."

ಡ್ಯಾಷ್‌ಬೋರ್ಡಿನ ಮುಳ್ಳು ತುದಿಗೆ ಹೋಗಿ ಕೂತಿತ್ತು. ಟ್ಯಾಂಕಿನ ಮುಚ್ಚಳ ತೆಗೆದು ನೋಡೋಣವೆಂದರೆ ಅದಕ್ಕೆ ಬೀಗ. ದಾರಿಯಲ್ಲಿ ಯಾರೋ ಡೀಸೆಲ್ ಎಳೆಯುತ್ತಿದ್ದಾರೆಂದು ಪ್ಲಾಂಟಿನವರು ಆಗಷ್ಟೇ ಎಲ್ಲ ಗಾಡಿಗಳಿಗೂ ಬೀಗದ ಮುಚ್ಚಳ ಹಾಕಿಸಿದ್ದರು. ಕೀಲಿ ಮ್ಯಾನೇಜರ ಹತ್ತಿರ. ಮ್ಯಾನೇಜರು ಕೆ.ಆರ್. ಪುರದ ಟ್ರಾಫಿಕ್ಕಿನ ಆಚೆ ಬದಿಯಲ್ಲಿ. ಮುಳ್ಳು ತುಂಬಿದೆ ಅನ್ನುತ್ತಿದೆ, ಡ್ರೈವರು ತುಂಬಿದೆ ಅನ್ನುತ್ತಿದ್ದಾನೆ, ಸಾಕು ಎಂದುಕೊಂಡೆ.

ನನಗೆ ಕೆಲಸ ಕಲಿಸಿದ ಉಸ್ತಾದರು ಶಿವಾಜಿನಗರದವರು. ಯಾವ ಗಾಡಿ ಬಂದರೂ ಅವರು ಸ್ಪ್ಯಾನರ್ ಮುಟ್ಟುವ ಮೊದಲು ಬೀಡಿ ಹಚ್ಚಿ, "ಆಖ್ರಿ ಇಸ್ಕು ಕೋನ್ ಹಾತ್ ಲಗಾಯಾ?" ಅನ್ನುತ್ತಿದ್ದರು. ಕೊನೆಯಲ್ಲಿ ಇದನ್ನು ಮುಟ್ಟಿದವರು ಯಾರು, ಏನು ಮಾಡಿದರು ಎಂದು ತಿಳಿದರೆ ಅರ್ಧ ಕೆಲಸ ಮುಗಿದ ಹಾಗೆ ಎಂಬುದು ಅವರ ನಂಬಿಕೆ. ಬೀಡಿ ನನಗಿಲ್ಲ, ಪ್ರಶ್ನೆ ಮಾತ್ರ ಉಳಿದಿತ್ತು. ಕೇಳಿದೆ.

"ತಮ್ಮಾ, ಈ ವಾರದಲ್ಲಿ ಗಾಡೀಗೆ ಯಾರಾದ್ರೂ ಕೈ ಹಾಕಿದ್ರಾ? ಪೈಪು, ಫಿಲ್ಟರು, ಟ್ಯಾಂಕು, ಏನಾದ್ರೂ?"

"ಯಾರೂ ಮುಟ್ಟಿಲ್ರೀ. ಮುಚ್ಚಳಾ ಬದಲಿ ಮಾಡಿದ್ದು ಹಬ್ಬದ ಮುಂಚೆ. ಆಮ್ಯಾಲ ನನ್ನ ಬಿಟ್ಟು ಒಂದ ನೊಣಾನೂ ಕುಂತಿಲ್ಲ ಇದರ ಮ್ಯಾಲ."

ಪ್ರಾಣ ಹೋದರೂ ಸುಳ್ಳು ಹೇಳುವ ಮುಖವಲ್ಲ ಅದು. ಕೆಲಸಕ್ಕೆ ಕೂತೆ.

ಡೀಸೆಲ್ ಎಂಜಿನ್ನಿಗೆ ಗಾಳಿ ಬೇಕು, ಡೀಸೆಲ್ ಬೇಕು. ಆದರೆ ಡೀಸೆಲ್ ಬರುವ ಪೈಪಿನಲ್ಲಿ ಗಾಳಿ ಸೇರಬಾರದು. ಸೇರಿದರೆ ಏರ್ ಹಿಡಿಯಿತು ಅನ್ನುತ್ತೇವೆ. ಮೊದಲು ಫಿಲ್ಟರಿನ ತಲೆಯ ಸ್ಕ್ರೂ ಸಡಿಲಿಸಿ, ಕೈಪಂಪು ಒತ್ತಿದೆ. ನೊರೆ ಬಂತು. ಏರ್ ಇದೆ, ಸರಿ. ಆದರೆ ಕೈಪಂಪು ಒತ್ತಿದ ಮೇಲೆ ಮೇಲೆದ್ದು ಬರಲು ಸೋಮಾರಿತನ ಮಾಡುತ್ತಿತ್ತು, ಆ ಕಡೆಯಿಂದ ಯಾರೋ ಎಳೆದು ಹಿಡಿದ ಹಾಗೆ. ಟ್ಯಾಂಕಿನಿಂದ ಬರುವ ದಾರಿಯಲ್ಲಿ ಎಲ್ಲೋ ಕಟ್ಟಿಕೊಂಡಿದೆ ಎಂದು ಲೆಕ್ಕ ಹಾಕಿ, ಟ್ಯಾಂಕಿನಿಂದ ಡೀಸೆಲ್ ಎಳೆಯುವ ಫೀಡ್ ಪಂಪಿಗೆ ಬಂದು ಸೇರುವ ಪೈಪನ್ನು ಬಿಚ್ಚಿದೆ. ಬಿಚ್ಚುತ್ತಿದ್ದಂತೆ ಟ್ಯಾಂಕಿನ ಒಳಗಿಂದ ಗುಳುಗುಳು ಎಂದು ಒಂದು ಸದ್ದು ಬಂತು. ಕಿವಿಗೆ ಬಿತ್ತು, ಅಷ್ಟೆ. ಆ ಹೊತ್ತಿಗೆ ನನ್ನ ಕಣ್ಣು ಪಂಪಿನ ಸಣ್ಣ ಜಾಲರಿಯ ಮೇಲಿತ್ತು. ಅದರಲ್ಲಿ ಚಿಟಿಕೆಯಷ್ಟು ಕಸ ಕೂತಿತ್ತು.

"ಸಿಕ್ತು ಕಳ್ಳ," ಎಂದೆ ಡ್ರೈವರಿಗೆ.

ಜಾಲರಿ ತೊಳೆದು, ಹೊಸ ಫಿಲ್ಟರ್ ಕೂರಿಸಿ, ಏರ್ ತೆಗೆದು, "ಹೊಡಿ ಸೆಲ್ಫು" ಅಂದೆ. ಒಂದೇ ಏಟಿಗೆ ಎಂಜಿನ್ನು ಹಿಡಿಯಿತು. ಡ್ರಮ್ಮು ಒಂದು ಸಲ ನರಳಿ, ಮೈ ಕೊಡವಿ, ತಿರುಗತೊಡಗಿತು. ಡ್ರೈವರು ಕ್ಯಾಬಿನ್ನಿನಿಂದ ಹಾರಿ ಇಳಿದು ನನ್ನ ಕಾಲಿಗೆ ಕೈ ಹಾಕಿದ. ಅಷ್ಟರಲ್ಲಿ ಎಂಜಿನಿಯರಮ್ಮನೂ ಸ್ಕೂಟರಿನಲ್ಲಿ ಬಂದು ತಲುಪಿದರು. ಹೆಲ್ಮೆಟ್ಟು ತೆಗೆಯದೆಯೇ ಹಿಂದಿನ ಏಣಿ ಹತ್ತಿ, ಡ್ರಮ್ಮಿನ ಬಾಯಿಯೊಳಗೆ ಇಣುಕಿ, ತಂದಿದ್ದ ಔಷಧಿಯ ಕ್ಯಾನನ್ನು ಒಳಗೆ ಸುರಿದರು. ಕಾಂಕ್ರೀಟು ಬೇಗ ಗಟ್ಟಿಯಾಗದಂತೆ ತಡೆಯುವ ಔಷಧಿ ಅದು.

"ಬದುಕಿದೆ ಇನ್ನೂ. ಹೊರಡ್ರಿ, ಹೊರಡ್ರಿ."

ಲಾರಿ ಹೊರಟಿತು. ಏರು ಮುಗಿಸಿತು, ತಿರುವು ದಾಟಿತು. ನಾನು ಮೊಪೆಡ್ಡಿನಲ್ಲಿ ಹಿಂದೆ. ಕಾಂಕ್ರೀಟು ಸುರಿಯಬೇಕಿದ್ದ ಸೈಟು ಕಣ್ಣಿಗೆ ಕಾಣುವಷ್ಟು ದೂರದಲ್ಲಿದೆ ಎನ್ನುವಾಗ ಎಂಜಿನ್ನಿನ ದನಿ ಸೊರಗಿತು. ಉಬ್ಬಸದವರು ಮೆಟ್ಟಿಲು ಹತ್ತುವ ಹಾಗೆ ಎರಡು ಸಲ ಮೇಲಕ್ಕೆಳೆದು, ನಿಂತಿತು. ಡ್ರಮ್ಮು ಅರ್ಧ ಸುತ್ತಿನಲ್ಲಿ ನಿಂತುಬಿಟ್ಟಿತು.

ಆ ಕ್ಷಣದ ಮೌನ ಈಗಲೂ ನನಗೆ ಇಷ್ಟವಿಲ್ಲ. ಸಿಕ್ಕಿದ ಕಳ್ಳ ಬೇರೆ ಯಾರೋ ಅಮಾಯಕ ಎಂದಾಯಿತು.

ಮತ್ತೆ ಏರ್ ತೆಗೆದೆ, ಹಿಡಿಯಲಿಲ್ಲ. ಪೈಪಿನ ಜೋಡಣೆಗಳ ತಾಮ್ರದ ವಾಷರುಗಳನ್ನು ಒಂದೊಂದಾಗಿ ನೋಡಿದೆ. ಸೋಪಿನ ನೀರು ಹಚ್ಚಿ ಎಲ್ಲಿಯಾದರೂ ಸೀಳಿದೆಯೇ ಎಂದು ಬೆರಳಾಡಿಸಿದೆ. ಫೀಡ್ ಪಂಪಿನ ಒಳಗಿನ ಸ್ಪ್ರಿಂಗ್ ಸೋತಿದೆಯೇ ಎಂದು ಅದನ್ನೂ ಬಿಚ್ಚತೊಡಗಿದೆ. ಮಳೆ ಬಿಟ್ಟ ದಿನಗಳ ಬಿಸಿಲು, ಸುಡುವುದು ಜಾಸ್ತಿ. ಡ್ರಮ್ಮಿನ ತಗಡು ಮುಟ್ಟಿದರೆ ದೋಸೆ ಕಲ್ಲು. ಎಂಜಿನಿಯರಮ್ಮ ಏಣಿ ಹತ್ತಿ ಉದ್ದನೆಯ ಕಬ್ಬಿಣದ ಸರಳಿನಿಂದ ಒಳಗೆ ಚುಚ್ಚಿ ನೋಡಿ ಇಳಿದರು. ಇಳಿದವರು ನೇರ ಎದುರಿನ ಅಂಗಡಿಗೆ ಹೋಗಿ ಒಂದು ಚೀಲ ಸಕ್ಕರೆ ಹೊರಿಸಿಕೊಂಡು ಬಂದರು.

"ಮೇಡಂ, ಪಾಯಸಾನಾ?" ಅಂದೆ. ನಗಲಿಲ್ಲ ಅವರು.

"ಸಕ್ಕರೆ ಬಿದ್ರೆ ಸಿಮೆಂಟ್ ಗಟ್ಟಿ ಆಗೋದಿಲ್ಲ ಮೇಸ್ತ್ರಿ. ಲೋಡ್ ಕಸಕ್ಕೆ ಹೋಗುತ್ತೆ, ಡ್ರಮ್ ಉಳಿಯುತ್ತೆ. ಆದ್ರೆ ಡ್ರಮ್ ತಿರುಗಿದ್ರೆ ತಾನೇ ಕಲಸೋದು? ನಿಂತಿರೋದರ ಮೇಲೆ ಸುರಿದ್ರೆ ಇರುವೆಗೆ ಹಬ್ಬ, ಅಷ್ಟೆ."

ಡ್ರೈವರು ರಸ್ತೆಯ ಅಂಚಿನ ಕಲ್ಲಿನ ಮೇಲೆ ಕೂತುಬಿಟ್ಟಿದ್ದ. ನಾನು ಪಂಪಿನ ಬೋಲ್ಟು ತಿರುಗಿಸುತ್ತಲೇ, "ಏನಪ್ಪ, ಧೈರ್ಯ ತಗೋ" ಅಂದೆ.

"ಅಣ್ಣಾರ, ಕ್ಲೀನರ್ ಇದ್ದಾಗ ಒಂದ್ಸಲ ಹಿಂಗ ಡ್ರಮ್ಮಿನ್ಯಾಗ ಗಟ್ಟಿ ಆಗಿತ್ರೀ. ನನ್ನ ಒಳಗ ಇಳಿಸಿದ್ರು, ಒಡಿಯೋ ಮಿಷನ್ ಕೊಟ್ಟು. ಕತ್ತಲಾ, ಧೂಳಾ, ಆ ಸಪ್ಪಳಾ... ಹೊರಗ ಬಂದ ಮ್ಯಾಲ ನನ್ನ ಮಗಳು ಅಪ್ಪಾ ಅಂದದ್ದು ಕೇಳಸಲಿಲ್ಲ, ಬಾಯಿ ಆಡಿಸಿದ್ದಷ್ಟ ಕಂಡ್ತು. ಆ ಗಾಡಿ ಡ್ರೈವರಂದು ಅವತ್ತಿಗೇ ಲೆಕ್ಕಾ ಮುಗಿಸಿ ಕಳಿಸಿಬಿಟ್ರು. ತಪ್ಪು ಅವಂದಲ್ಲ, ಆದ್ರೂ ಕಳಿಸಿದ್ರು. ನಾ ಇನ್ನೂ ಒಂದ ತಿಂಗಳೂ ಆಗಿಲ್ಲ ಸೀಟಿನ ಮ್ಯಾಲ ಕುಂತು."

ನನಗೆ ಕೈ ಇನ್ನೂ ಬಿರುಸಾಯಿತು. ಬಿರುಸಾದ ಕೈ ಒಳ್ಳೆಯದಲ್ಲ. ಒಂದು ಸಣ್ಣ ವಾಷರು ಜಾರಿ ಚೇಸಿಸ್ಸಿನೊಳಗೆ ಎಲ್ಲೋ ಬಿತ್ತು. ಅದನ್ನು ಹುಡುಕುತ್ತಾ ಲಾರಿಯ ಕೆಳಗೆ ಮಲಗಿದ್ದೆ. ಎಂಜಿನಿಯರಮ್ಮ ಬಗ್ಗಿ ನನ್ನ ಮುಖ ನೋಡಿದರು.

"ಮೇಸ್ತ್ರಿ, ಈಗ ಏನು ಮಾಡ್ತಿದ್ದೀರಿ?"

"ಕಾರಣ ಹುಡುಕ್ತಿದ್ದೀನಿ ಮೇಡಂ. ಟ್ಯಾಂಕಿಂದ ಪಂಪಿನ ತನಕ ಎಲ್ಲೋ ಒಂದು ಕಡೆ..."

"ನನಗೆ ಕಾರಣ ಬೇಡ. ಸಂಜೆ ಹುಡುಕಿ, ನಾಳೆ ಹುಡುಕಿ. ಈಗ ತಿರುಗಬೇಕು. ಪಂಪ್ ತನಕ ತೊಂದರೆ ಅಂತೀರಲ್ಲ, ಪಂಪಿಂದ ಆಚೆಗೆ ಎಲ್ಲ ಚೆನ್ನಾಗಿದೆಯಾ?"

"ಇದೆ."

"ಹಂಗಾದ್ರೆ ಪಂಪಿಗೆ ಬೇರೆ ಕಡೆಯಿಂದ ಡೀಸೆಲ್ ಕುಡಿಸೋಕೆ ಆಗೋದಿಲ್ವಾ?"

ಆಗುತ್ತದೆ. ಗ್ಯಾರೇಜಿನಲ್ಲಿ ಎಷ್ಟೋ ಸಲ ಮಾಡಿದ್ದೇ, ಪರೀಕ್ಷೆಗೆಂದು ಒಂದೆರಡು ನಿಮಿಷ. ಆದರೆ ಹಾಗೆ ಲಾರಿ ಓಡಿಸಿದ್ದಿಲ್ಲ. ಕೆಟ್ಟದ್ದನ್ನು ಸರಿಮಾಡದೆ ಗಾಡಿ ಕಳಿಸಬಾರದೆಂಬ ಒಂದು ಹಟ ಕೈಯಲ್ಲಿ ಕೂತುಬಿಟ್ಟಿರುತ್ತದೆ. ಲಾರಿಯ ಕೆಳಗೆ ಮಲಗಿದ್ದಂತೆಯೇ ಆ ಹಟವನ್ನು ಅಲ್ಲೇ ಬಿಟ್ಟು ಹೊರಗೆ ಬಂದೆ.

"ತಮ್ಮಾ, ಏಳು. ಆ ಬೇಕರೀಲಿ ಖಾಲಿ ಎಣ್ಣೆ ಕ್ಯಾನ್ ಕೇಳಿ ತಗೊಂಬಾ. ನನ್ನ ಮೊಪೆಡ್ ತಗೊಂಡು ಹೋಗಿ ಬಂಕಿಂದ ಡೀಸೆಲ್ ತುಂಬಿಸ್ಕೊಂಬಾ."

"ಎಣ್ಣಿ ವಾಸನಿ ಇರ್ತೈತಲ್ರೀ?"

"ಇರ್ಲಿ ಬಿಡು, ಲಾರಿ ಇವತ್ತು ಒಂದು ಪಫ್ಸ್ ತಿನ್ನಲಿ."

ಅವನು ಹೋಗಿ ಬರುವಷ್ಟರಲ್ಲಿ ಫೀಡ್ ಪಂಪನ್ನು ಮತ್ತೆ ಕೂರಿಸಿ, ಚೀಲದಲ್ಲಿದ್ದ ರಬ್ಬರ್ ಪೈಪನ್ನು ಅಳತೆಗೆ ಕತ್ತರಿಸಿ ಪಂಪಿನ ಬಾಯಿಗೆ ಕ್ಲಿಪ್ಪು ಹಾಕಿ ಬಿಗಿದೆ. ಎಂಜಿನ್ನು ಉರಿಸಿ ಮಿಕ್ಕ ಡೀಸೆಲ್ ವಾಪಸು ಟ್ಯಾಂಕಿಗೆ ಹೋಗುವ ಇನ್ನೊಂದು ಪೈಪಿದೆ. ಅದನ್ನು ಮರೆತರೆ ಕ್ಯಾನಿನಲ್ಲಿದ್ದುದೆಲ್ಲ ಟ್ಯಾಂಕಿಗೆ ಸಾಗಿ ದಾರಿಯಲ್ಲೇ ಮತ್ತೆ ನಿಲ್ಲುತ್ತದೆ. ಅದನ್ನೂ ಬಿಚ್ಚಿ ಕ್ಯಾನಿನ ಬಾಯಿಗೆ ತಿರುಗಿಸಿದೆ. ಏರ್ ತೆಗೆದೆ. ಈ ಸಲ ಕೈಪಂಪು ಒತ್ತಿದಷ್ಟೂ ಚೆಂಡಿನ ಹಾಗೆ ಪುಟಿದು ಮೇಲೆ ಬರುತ್ತಿತ್ತು.

ಎಂಜಿನ್ನು ಹಿಡಿಯಿತು. ಡ್ರಮ್ಮು ಮಾತ್ರ ತಿರುಗಲೊಲ್ಲದು. ಡ್ರೈವರು ಬಲವಂತ ಮಾಡಲಿಲ್ಲ. ಲಿವರನ್ನು ಒಂದಿಷ್ಟು ಆ ಕಡೆ, ಒಂದಿಷ್ಟು ಈ ಕಡೆ, ತೊಟ್ಟಿಲು ತೂಗಿದ ಹಾಗೆ ಆಡಿಸಿದ. ಒಳಗೆ ಏನೋ ದೊಪ್ಪನೆ ಕಳಚಿ ಬಿದ್ದ ಸದ್ದು. ಆಮೇಲೆ ಅದು ಹೊರಳಿತು. ಎಂಜಿನಿಯರಮ್ಮ ಸಕ್ಕರೆ ಚೀಲದ ಬಾಯಿ ಹಿಡಿದುಕೊಂಡು ಏಣಿಯ ಮೇಲೆಯೇ ನಿಂತಿದ್ದರು. ಸ್ವಲ್ಪ ಹೊತ್ತು ಒಳಗೆ ನೋಡಿ, ಚೀಲದ ಬಾಯಿ ಕಟ್ಟಿದರು.

"ಬೇಡ. ನಡೀರಿ, ನಡೀರಿ."

ಕ್ಯಾನನ್ನು ಕಟ್ಟಲು ಸರಿಯಾದ ಜಾಗವಿರಲಿಲ್ಲ. ಕ್ಯಾಬಿನ್ನಿನ ಹಿಂದೆ, ಚೇಸಿಸ್ಸಿನ ಮೇಲೆ ಕುಕ್ಕರಗಾಲಿನಲ್ಲಿ ಕೂತು, ಅದನ್ನು ಎದೆಗೆ ಅವುಚಿಕೊಂಡೆ. ಒಂದು ಪೈಪು ಕುಡಿಯುತ್ತಿತ್ತು, ಇನ್ನೊಂದು ಬಿಸಿ ಡೀಸೆಲನ್ನು ವಾಪಸು ಉಗುಳುತ್ತಿತ್ತು. ಪ್ರತಿ ಹಳ್ಳಕ್ಕೂ ಅಂಗಿ ಒಂದಿಷ್ಟು ನೆನೆಯಿತು. ತಲೆಯ ಹಿಂದೆಯೇ ಡ್ರಮ್ಮು ಸುತ್ತುತ್ತಿತ್ತು. ಊಟಕ್ಕೆ ಬಿಟ್ಟಿದ್ದ ಸ್ಕೂಲು ಹುಡುಗಿಯರ ಗುಂಪೊಂದು ನನ್ನನ್ನು ನೋಡಿ ಬಾಯಿಗೆ ಕೈ ಇಟ್ಟುಕೊಂಡು ನಕ್ಕಿತು. ನಕ್ಕರೆ ನಗಲಿ, ಗಾಡಿ ಸೈಟಿನ ಗೇಟು ದಾಟಿತ್ತು.

ಎಂಜಿನಿಯರಮ್ಮ ಅಲ್ಲಿಯೂ ಲಾರಿಯನ್ನು ಸುಮ್ಮನೆ ಒಳಬಿಡಲಿಲ್ಲ. ಒಂದು ಬಾಂಡ್ಲಿಯಷ್ಟು ತೆಗೆಸಿ, ತಮ್ಮ ಕಬ್ಬಿಣದ ಬುಟ್ಟಿಯಲ್ಲಿ ತುಂಬಿ, ಮಗುಚಿ, ಅದು ಎಷ್ಟು ಕುಸಿಯುತ್ತದೆಂದು ಹದ ನೋಡಿ, ಅಡ್ಡಡ್ಡ ತಲೆಯಾಡಿಸಿದರು. "ಮೇಲಿನ ಸ್ಲ್ಯಾಬಿಗೆ ಇದನ್ನ ಕೊಡೋದಿಲ್ಲ. ಹಿಂದುಗಡೆ ವಾಚ್‌ಮನ್ ರೂಮಿನ ನೆಲಕ್ಕೆ ಹಾಕಿ." ಹಾಗೆ ಆ ಲೋಡು ವಾಚ್‌ಮನ್ನನ ಕಾಲ ಕೆಳಗೆ ಹೋಯಿತು. ಡ್ರಮ್ಮಿಗೆ ನೀರು ಬಿಟ್ಟು ತಿರುಗಿಸಿ ತಿರುಗಿಸಿ ತೊಳೆದರು. ಕೊನೆಗೆ ತಿಳಿನೀರು ಬಂದಾಗ ಡ್ರೈವರು ಅದೇ ನೀರಿನಲ್ಲಿ ಮುಖ ತೊಳೆದುಕೊಂಡ.

ಈಗ ಅವಸರವಿಲ್ಲ. ಪೈಪುಗಳನ್ನು ಮತ್ತೆ ಟ್ಯಾಂಕಿಗೇ ಸೇರಿಸಿ, ಎಂಜಿನ್ನು ಹಚ್ಚಿಸಿ, ಡ್ರೈವರಿಗೆ ಎಕ್ಸಿಲೇಟರ್ ಒತ್ತಿ ಹಿಡಿಯಲು ಹೇಳಿ ಟ್ಯಾಂಕಿನ ಪಕ್ಕದ ಮರಳ ಗುಡ್ಡೆಯ ಮೇಲೆ ಕೂತೆ. ಕೆಟ್ಟದ್ದು ತಾನಾಗಿ ಇನ್ನೊಮ್ಮೆ ಕೆಡಲಿ, ನೋಡೋಣ ಎಂದು. ಬಹಳ ಹೊತ್ತಾದ ಮೇಲೆ ಟ್ಯಾಂಕಿನ ತಗಡು ಟಕ್ ಎಂದಿತು. ಒಳಕ್ಕೆ ಎಳೆದುಕೊಂಡ ಹೊಟ್ಟೆಯ ಹಾಗೆ ಅದರ ಬದಿ ಒಂದಿಷ್ಟು ತಗ್ಗಿತ್ತು. ಬೆಳಗಿನ ಆ ಗುಳುಗುಳು ಸದ್ದು ಆಗ ನೆನಪಾಯಿತು. ಡೀಸೆಲ್ ಕಂಠಮಟ್ಟ ಇರುವ ಟ್ಯಾಂಕು ಪೈಪು ಬಿಚ್ಚಿದೊಡನೆ ಗಾಳಿಯನ್ನು ಹಾಗೆ ಗಟಗಟ ಕುಡಿಯಬೇಕಾದರೆ, ಅದಕ್ಕೆ ಬೇರೆಲ್ಲಿಂದಲೂ ಗಾಳಿ ಸಿಗುತ್ತಿರಲಿಲ್ಲ ಎಂದಾಯಿತಲ್ಲ? ಡೀಸೆಲ್ ಖಾಲಿಯಾದಷ್ಟೂ ಆ ಜಾಗಕ್ಕೆ ಗಾಳಿ ಬರಬೇಕು. ಬರದಿದ್ದರೆ ಟ್ಯಾಂಕು ತನ್ನ ಡೀಸೆಲನ್ನು ಬಿಗಿಹಿಡಿಯುತ್ತದೆ. ಕಂಠಮಟ್ಟ ತುಂಬಿದ್ದ ದಿನವಂತೂ ಒಳಗೆ ಗಾಳಿ ಇರುವುದೇ ಕಡಿಮೆ, ಹಿಡಿತ ಬೇಗ ಬೀಳುತ್ತದೆ. ಗಾಳಿ ಬರುವುದು ಮುಚ್ಚಳದ ನಡುವಿನ ಸೂಜಿಮೊನೆಯಷ್ಟು ತೂತಿನಿಂದ. ಹಳೆಯ ಮುಚ್ಚಳಗಳು ಸಡಿಲವಾಗಿ ಲಡಲಡ ಎನ್ನುತ್ತಿದ್ದವು, ತೂತಿಲ್ಲದಿದ್ದರೂ ನಡೆಯುತ್ತಿತ್ತು. ಹೊಸ ಬೀಗದ ಮುಚ್ಚಳಕ್ಕೆ ಬಿಗಿಯಾದ ರಬ್ಬರು.

ಎದ್ದು ಹೋಗಿ ಮುಚ್ಚಳ ನೋಡಿದೆ. ನಡುವೆ ದಪ್ಪನೆ ಅರಿಶಿನ, ಅದರ ಮೇಲೆ ಕುಂಕುಮ, ಅದರ ಮೇಲೆ ಮತ್ತೆ ಅರಿಶಿನ. ಡೀಸೆಲಿನ ಜಿಡ್ಡು ಹೀರಿ, ಬಿಸಿಲಿಗೆ ಒಣಗಿ, ಮಣ್ಣಿನ ಬಿಲ್ಲೆಯ ಹಾಗೆ ಕೂತಿತ್ತು. ಬೆಳಿಗ್ಗೆಯಿಂದ ಅದು ನನ್ನ ಕಣ್ಣ ಮುಂದೆಯೇ ಇತ್ತು. ಯಾವ ಲಾರಿಗೆ ಇರುವುದಿಲ್ಲ?

ಎಂಜಿನ್ನು ಆಗಲೇ ಸೊರಗತೊಡಗಿತ್ತು. ಚೀಲದಿಂದ ಕ್ಲಚ್ ಕೇಬಲ್ಲಿನ ಒಂದು ಎಳೆ ತೆಗೆದು ಆ ಬಿಲ್ಲೆಯ ನಡುವೆ ಚುಚ್ಚಿದೆ. ಸುಸ್ಸ್ ಎಂದು ಉದ್ದಕ್ಕೆ ಗಾಳಿ ಎಳೆದುಕೊಂಡಿತು. ತಗಡು ಟಕ್ ಎಂದು ತನ್ನ ಜಾಗಕ್ಕೆ ಬಂತು. ಎಂಜಿನ್ನಿನ ದನಿ ಯಾರೂ ಏನೂ ಮಾಡದೆ ತಾನಾಗಿ ಮೇಲೆದ್ದಿತು.

ಡ್ರೈವರು ಕ್ಯಾಬಿನ್ನಿನಿಂದ ಇಳಿದು ಬಂದ. ತಂತಿಯ ತುದಿಯಲ್ಲಿ ಹಳದಿ ಪುಡಿ ಅಂಟಿದ್ದು ನೋಡಿದ. ಮುಖ ಸಣ್ಣದಾಯಿತು.

"ಗಾಡಿ ಉಣ್ಣೂ ಬಾಯಿ ಅಲ್ರೀ ಅದು? ಅದಕ್ಕ ಅಲ್ಲೇ ಹಚ್ಚತಿದ್ದೆ. ಹಬ್ಬಕ್ಕ ಹಚ್ಚಿದೆ, ಆಮ್ಯಾಲ ಶುಕ್ರವಾರಕ್ಕೊಮ್ಮೆ. ನನ್ನ ಕೈಯಾರೆ ಅದರ ಉಸಿರು ಕಟ್ಟಿಸಿದ್ನೇನ್ರೀ?" ಮುಚ್ಚಳದ ಮೇಲೆ ಬೆರಳಾಡಿಸುತ್ತಾ ಮತ್ತೆ ಅಂದ, "ನೀವು ಮುಂಜಾನೆ ಕೇಳಿದ್ರಿ, ಯಾರು ಮುಟ್ಟ್ಯಾರಂತ. ಯಾರೂ ಇಲ್ಲಂದೆ. ನಿಮ್ಮ ಮುಂದ ಸುಳ್ಳ ಹೇಳ್ದಂಗಾತು."

"ಸುಳ್ಳಲ್ಲ ಬಿಡಪ್ಪ. ಪೂಜೆ ಮಾಡಿದ್ದನ್ನ ಯಾರು ಗಾಡೀಗೆ ಕೈ ಹಾಕಿದ್ದು ಅಂತಾರೆ? ನಿನ್ನ ಜಾಗದಲ್ಲಿ ನಾನಿದ್ದಿದ್ರೂ ಇಲ್ಲ ಅಂತಾನೇ ಅಂತಿದ್ದೆ."

ಅಷ್ಟರಲ್ಲಿ ಮ್ಯಾನೇಜರ ಜೀಪು ಬಂತು. ಬೆರಳಲ್ಲಿ ಟ್ಯಾಂಕಿನ ಕೀಲಿ ತಿರುಗಿಸುತ್ತಾ ಇಳಿದರು. "ಏನ್ರೀ ಆಗಿತ್ತು? ಡ್ರೈವರ್ ತಪ್ಪಾ?"

ಡ್ರೈವರು ನೆಲ ನೋಡುತ್ತಿದ್ದ. ನಾನು ತಂತಿಯನ್ನು ಪ್ಯಾಂಟಿಗೆ ಒರೆಸಿಕೊಂಡೆ.

"ತಪ್ಪು ಯಾರದೂ ಅಲ್ಲ ಸಾರ್. ಹೊಸಾ ಮುಚ್ಚಳ ತುಂಬಾ ಟೈಟು. ಗಾಳಿ ತೂತು ಕಟ್ಕೊಂಡಿತ್ತು, ಪುಡಿ ಕೂತು. ಮಿಕ್ಕ ಗಾಡಿಗಳಿಗೂ ಇವತ್ತೇ ನೋಡಿಸ್ಬಿಡಿ."

"ಎಂಥಾ ಪುಡಿ?"

ನಾನು ಬಾಯಿ ತೆರೆಯುವ ಮೊದಲೇ, ಅಲ್ಲೇ ಎಲ್ಲ ಕೇಳಿಸಿಕೊಂಡಿದ್ದ ಎಂಜಿನಿಯರಮ್ಮ ಸ್ಕೂಟರಿನ ಕಡೆ ನಡೆಯುತ್ತಾ ಅಂದರು: "ಈ ರಸ್ತೇಲಿ ಪುಡಿಗೇನು ಬರಗಾಲವಾ ಸಾರ್? ನನ್ನ ಮುಖ ನೋಡಿ." ಅವರ ಮುಖದ ಮೇಲೆ ನಿಜಕ್ಕೂ ಬೂದುಬಣ್ಣದ ಸಿಮೆಂಟು ಕೂತಿತ್ತು. ಮ್ಯಾನೇಜರು ನಕ್ಕು, ಕೀಲಿಯನ್ನು ಜೇಬಿಗಿಳಿಸಿದರು.

ಹೊರಡುವ ಮುಂಚೆ ಆ ತಂತಿಯ ಎಳೆಯನ್ನು ಡ್ರೈವರಿಗೆ ಕೊಟ್ಟೆ. ವಾರಕ್ಕೊಮ್ಮೆ ಚುಚ್ಚು ಅಂದೆ. ಎರಡೂ ಕೈಯಲ್ಲಿ ತೆಗೆದುಕೊಂಡ.

ಕೆಲವು ವಾರ ಕಳೆದಿತ್ತು. ಹಳೇ ಮದ್ರಾಸ್ ರಸ್ತೆಯ ಸಿಗ್ನಲ್ಲಿನಲ್ಲಿ ನಿಂತಿದ್ದೆ, ಪಕ್ಕದಲ್ಲಿ ಒಂದು ಕಾಂಕ್ರೀಟ್ ಲಾರಿ ಬಂದು ನಿಂತಿತು. ಡ್ರಮ್ಮು ಸುತ್ತುತ್ತಿತ್ತು. ಮೇಲಿನಿಂದ ದನಿ ಬಂತು.

"ಅಣ್ಣಾರ! ಟ್ಯಾಂಕ್ ನೋಡ್ರಿ, ಟ್ಯಾಂಕ್! ತೂತು ಬಿಟ್ಟು ಹಚ್ಚೀನ್ರೀ!"

ಬಗ್ಗಿ ನೋಡಿದೆ. ಮುಚ್ಚಳದ ಸುತ್ತ ಬಳೆಯ ಹಾಗೆ ಅರಿಶಿನ, ಕುಂಕುಮ. ನಡುವೆ ತೊಳೆದಿಟ್ಟಂಥ ಖಾಲಿ ತಗಡು. ತಂತಿ ಎಲ್ಲಿ ಎಂದು ಕೈಸನ್ನೆಯಲ್ಲಿ ಕೇಳಿದೆ. ಅವನು ಕನ್ನಡಿಯ ಕಡೆ ಬೆರಳು ತೋರಿಸಿದ. ಅಲ್ಲಿ ನಿಂಬೆಹಣ್ಣು, ಮೆಣಸಿನಕಾಯಿಯ ಜೊತೆಗೆ ನನ್ನ ಕ್ಲಚ್ ಕೇಬಲ್ಲಿನ ಎಳೆಯನ್ನು ಸುರುಳಿ ಸುತ್ತಿ ಕಟ್ಟಿದ್ದ. ಅದಕ್ಕೂ ಒಂದು ಬೊಟ್ಟು ಕುಂಕುಮ ಇಟ್ಟಿದ್ದ.